50 ಪೌಂಡ್ ಕಾಂಪೌಂಡ್ ಬಿಲ್ಲಿಗೆ 500 ಸ್ಪೈನೋ, 340 ಸ್ಪೈನೋ?

ಹುಬ್ಬಳ್ಳಿ_ವಿದ್ಯಾನಗರ:
ನಮಸ್ಕಾರ್ರಿ. ಕಾಂಪೌಂಡ್ (ತುದಿಗೆ ಗಾಲಿ ಇರೋ) ಬಿಲ್ಲು 50 ಪೌಂಡ್ ಎಳತಕ್ಕ ಕೂಡಿಸೇತಿ, ಡ್ರಾ ಲೆಂತ್ (ಸ್ಟ್ರಿಂಗ್ ಪೂರ್ತಿ ಎಳದಾಗಿನ ಅಳತಿ) 27.5 ಇಂಚು, ರಿಲೀಸ್ ಏಡ್ (ಸ್ಟ್ರಿಂಗ್ ಹಿಡದು ಬಿಡೋ ಸಾಧನ), ಡ್ರಾಪ್ ಅವೇ ರೆಸ್ಟ್ (ಬಾಣಕ್ಕ ಆಧಾರ, ಬಿಟ್ಟಕೂಡ್ಲೆ ಕೆಳಗ ಬೀಳತೈತಿ). ಸದ್ಯ 18 ಮೀಟರ್, ಮುಂದ 50 ಮೀಟರ್. ಒಬ್ಬರು ಬಾಣದ ಸ್ಪೈನ್, ಅಂದ್ರ ಬಿರುಸಿನ ಅಂಕಿ, 500 ತಗೋ ಅಂತಾರ, ಇನ್ನೊಬ್ಬರು ಬಿರುಸು ಇದ್ದಷ್ಟು ಚಲೋ, 340 ತಗೋ ಅಂತಾರ. ಕೇಳಿ ತಂದ 500ರ ಬಾಣ (29.5 ಇಂಚು, 125 ಗ್ರೇನ್ ತೂಕದ ಪಾಯಿಂಟ್, ಅಂದ್ರ ಮೊನಿ) ಎದುರಿಗೆ ಬಿಗದ ಪೇಪರಿನ್ಯಾಗ ಹೊಡದ್ರ ವೇನಿನ (ಬಾಣದ ಹಿಂದಿನ ರೆಕ್ಕಿ) ಹರಕು ಮೊನಿಯ ತೂತಿಗಿಂತ ಒಂದೂವರಿ ಇಂಚು ಎಡಕ್ಕ ಬರತೈತಿ. ಬಲಗೈಯವ ನಾ. ಅಲ್ಯೂಮಿನಿಯಂ ನಡಿತೈತೇನು? ಡಜನ್ ತಗೊಂಡ ಮ್ಯಾಲೆ ವಾಪಸ್ ಕೊಡಾಕ ಬರೂದಿಲ್ಲ, ತಿಳದವರು ಹೇಳ್ರಿ.

ಧಾರವಾಡ_ಬಿಲ್ಲು:
ಸ್ಪೈನ್ ಆಮ್ಯಾಲ ನೋಡೂಣ್ರಿ, ಮೊದಲ ಉದ್ದ ಗೊತ್ತಾಗಬೇಕು. ಕತ್ತರಿಸಲಾರದ ಬಾಣ ಹಚ್ಚಿ ಪೂರ್ತಿ ಎಳೀರಿ. ಎದುರಿಗೆ ಟಾರ್ಗೆಟ್ ಇರಲಿ. ಗುರುತು ಹಾಕೋರು ಬಾಜೂಕ ನಿಂದರಲಿ, ಬಾಣದ ಮುಂದ ಯಾರೂ ಬರಬಾರದು. ರೆಸ್ಟ್ ತಾಗೋ ಜಾಗಾದಿಂದ ಒಂದಿಂಚು ಮುಂದ ಗೆರಿ ಹಾಕಿಸ್ರಿ. ಅದಕ್ಕಿಂತ ಗಿಡ್ಡ ಮಾಡಿದ್ರ ತುದಿ ರೆಸ್ಟಿನಿಂದ ಹಿಂದ ಜಾರಿ, ಬಿಟ್ಟಾಗ ಬಾಣ ಬಿಲ್ಲು ಹಿಡದ ಕೈಗೇ ಹೊಡಿತದ. ನಿಮಗ 28 ಇಂಚಿನ ಆಸುಪಾಸು ಬರಬೇಕು. ಉದ್ದ ಅಂದ್ರ ನಾಕಿನೊಳಗ (ಬಾಣದ ಹಿಂತುದಿಯ ಸೀಳು) ಸ್ಟ್ರಿಂಗ್ ಕೂಡೋ ತಳದಿಂದ ಶಾಫ್ಟ್ (ಬಾಣದ ಕೋಲು) ಮುಗಿಯೋತನಕ, ಪಾಯಿಂಟ್ ಲೆಕ್ಕಕ್ಕಿಲ್ಲ.

ಸ್ಪೈನಿನ ಅಂಕಿ ಹಿಂಗ: 28 ಇಂಚು ಅಂತರದ ಎರಡು ಆಧಾರದ ಮ್ಯಾಲೆ ಶಾಫ್ಟ್ ಇಟ್ಟು ನಡಕ 880 ಗ್ರಾಂ ತೂಗಬಿಡ್ತಾರ. ಅರ್ಧ ಇಂಚು ಬಗ್ಗಿದ್ರ 500, 0.4 ಇಂಚು ಬಗ್ಗಿದ್ರ 400. ಅಂಕಿ ಸಣ್ಣದಾದಷ್ಟು ಬಿರುಸು. ಆದ್ರ ಬಿಲ್ಲು ಹಿಂದಿಂದ ದೂಡಿದಾಗ ಬಗ್ಗೋದು ಬ್ಯಾರೆ ಮಾತು. ಉದ್ದ ಬಿಟ್ರ, ಪಾಯಿಂಟ್ ಭಾರ ಹಾಕಿದ್ರ, ಪೌಂಡ್ ಏರಿಸಿದ್ರ ಅದೇ ಶಾಫ್ಟ್ ಮೆತ್ತಗಾಗತದ. ನೀವು ಕೇಳಿ ತಂದ ಬಾಣಕ್ಕ ಒಂದೂವರಿ ಇಂಚು ಹೆಚ್ಚಿಗಿ ಉದ್ದ, ಮ್ಯಾಲೆ 25 ಗ್ರೇನ್ ಹೆಚ್ಚಿಗಿ ತೂಕ. ಅಂಕಿ 500 ಇದ್ರೂ ನಡತಿ 500ರದ್ದಲ್ಲ.

50 ಪೌಂಡ್, 28 ಇಂಚು, 100 ಗ್ರೇನ್ ಪಾಯಿಂಟಿಗೆ 500 ಮತ್ತ 400ರ ನಡುವ ಹುಡುಕ್ರಿ. ತಗೊಳ್ಳೋ ಕಂಪನಿಯ ಸ್ಪೈನ್ ಚಾರ್ಟ್ ನೋಡ್ರಿ, ಗಡಿಗೆ ಬಂದ್ರ ಬಿರುಸಾದದ್ದನ್ನ ಆರಿಸ್ರಿ. 55 ಪೌಂಡಿಗೆ ಏರಿಸೋ ಮನಸ್ಸಿದ್ರ 400. 340 ಬ್ಯಾಡ್ರಿ, ಸುಮ್ಮನ ಭಾರ ಹೆಚ್ಚು, 50 ಮೀಟರಿಗೆ ಸೈಟ್ (ಗುರಿ ನೋಡೋ ಸಾಧನ) ಭಾಳ ಕೆಳಗ ಇಳಸಬೇಕಾಗತದ.

ಹಾವೇರಿ_ನಾಕ್:
ತೂಕದ ಮಾತು ಬಿಟ್ಟುಹೋಗಿದೆ. ಒಂದು ಪೌಂಡಿಗೆ ಕನಿಷ್ಠ 5 ಗ್ರೇನ್, ಅಂದರೆ ನಿಮ್ಮ ಬಿಲ್ಲಿಗೆ 250 ಗ್ರೇನ್ (16 ಗ್ರಾಂ ಚಿಲ್ಲರೆ). ಅದಕ್ಕಿಂತ ಹಗುರ ಬಾಣ ಬಿಲ್ಲಿನ ಕಸುವನ್ನು ಹೊತ್ತೊಯ್ಯುವುದಿಲ್ಲ. ಉಳಿದದ್ದು ಲಿಂಬ್ (ಬಿಲ್ಲಿನ ತೋಳು), ಕ್ಯಾಮ್ (ಗಾಲಿ), ಸ್ಟ್ರಿಂಗಿಗೇ ಬಡಿಯುತ್ತದೆ, ಬಾಣವಿಲ್ಲದೆ ಬಿಟ್ಟ ಹಾಗೆ. ಇಂಚಿಗೆ 7.5 ಗ್ರೇನಿನ ಶಾಫ್ಟ್ 28 ಇಂಚಿಗೆ 210, ಪಾಯಿಂಟ್ 100, ಅದನ್ನು ಕೂರಿಸುವ ಇನ್ಸರ್ಟ್ 15, ನಾಕ್ 10, ಮೂರು ವೇನ್ 18. ಒಟ್ಟು 353 ಗ್ರೇನ್, ಸುಮಾರು 23 ಗ್ರಾಂ. ಪೌಂಡಿಗೆ 7 ಬಂತು, ಚೆನ್ನಾಗಿದೆ. ತೂಗಲು ಅಕ್ಕಸಾಲಿಗರ ತಕ್ಕಡಿ ಸಾಕು.

ಅಲ್ಯೂಮಿನಿಯಂ ಧಾರಾಳವಾಗಿ ನಡೆಯುತ್ತದೆ. ದಪ್ಪ ಇರುವುದರಿಂದ 18 ಮೀಟರಿನಲ್ಲಿ ಗೆರೆ ಮುಟ್ಟಿ ಹೆಚ್ಚಿನ ಅಂಕ ಸಿಗುವ ಅವಕಾಶವೂ ಇದೆ. ವರ್ಲ್ಡ್ ಆರ್ಚರಿ (ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದಲ್ಲಿ ಶಾಫ್ಟಿನ ದಪ್ಪ 9.3 ಮಿಲಿಮೀಟರ್ ದಾಟಬಾರದು. ಬಗ್ಗಿದರೆ ಬಗ್ಗಿದ್ದೇ, ಅದೊಂದು ತೊಂದರೆ. ಕಾರ್ಬನ್ ಬಗ್ಗಿ ಉಳಿಯುವುದಿಲ್ಲ, ಆದರೆ ಬಿರುಕು ಮುಚ್ಚಿಟ್ಟುಕೊಳ್ಳುತ್ತದೆ. ಹೊಡೆಯುವ ಮುಂಚೆ ಎರಡೂ ತುದಿ ಹಿಡಿದು, ಮುಖದಿಂದ ದೂರ ಮಾಡಿ, ಮೆಲ್ಲಗೆ ಬಗ್ಗಿಸಿ ತಿರುಗಿಸಿ. ಚಟಚಟ ಅಂದರೆ, ಬೆರಳಿಗೆ ಎಳೆ ತಾಗಿದರೆ ಮುರಿದೇ ಎಸೆಯಿರಿ, ಬೇರೆಯವರ ಕೈಗೂ ಸಿಗಬಾರದು. ಕಟ್ಟಿಗೆಯ ಬಾಣವನ್ನಂತೂ ಕಾಂಪೌಂಡಿಗೆ ಹಚ್ಚಲೇಬೇಡಿ.

ಗದಗ_50ಮೀಟರ್:
ಎಡಗಡೆ ಹರಕು ಬಂತಂತ ಬಾಣಕ್ಕ ಒಮ್ಮೆಲೆ ಬೈಬ್ಯಾಡ್ರಿ. ವೇನ್ ಮ್ಯಾಲೆ ಟಾಲ್ಕಂ ಪೌಡರ್ ಹಚ್ಚಿ ಹೊಡೀರಿ. ರೆಸ್ಟಿನ ಮ್ಯಾಲೋ ಕೇಬಲ್ ಮ್ಯಾಲೋ ಬಿಳಿ ಗೀರು ಬಿದ್ರ ವೇನ್ ತಾಗಾಕತ್ತೈತಿ. ಆಮ್ಯಾಲ ಹಿಡಿ ಸಡ್ಲ ಬಿಟ್ಟು ನೋಡ್ರಿ, ಮುಷ್ಟಿ ಬಿಗಿ ಹಿಡದ್ರ ಬಿಲ್ಲು ಹೊಳ್ಳತೈತಿ. ಎರಡೂ ಸರಿ ಇದ್ರ ಮ್ಯಾಲಿನ, ಕೆಳಗಿನ ಲಿಂಬ್ ಬೋಲ್ಟ್ ಒಂದೇ ಲೆಕ್ಕದಾಗ ಸಡ್ಲ ಮಾಡಿ 2 ಪೌಂಡ್ ಇಳಸ್ರಿ. ಹರಕು ಸಣ್ಣದಾತಂದ್ರ ಬಾಣ ಮೆತ್ತಗೈತಿ.

ಡಜನ್ ತಗೊಳ್ಳೂಕಿಂತ ಮೊದಲ ಎರಡ ತಗೋರಿ. ಒಂದು ಇಂಚು ಉದ್ದ ಬಿಟ್ಟು ಶುರು ಮಾಡಿ, ಕಾಲಿಂಚು ಕಾಲಿಂಚು ಕತ್ತರಿಸಿ ಪೇಪರ್ ನೋಡ್ರಿ. ಪೈಪ್ ಕಟ್ಟರ್ ಕಾರ್ಬನ್ನಿಗೆ ನಡಿಯೂದಿಲ್ಲ, ಎಳಿ ಸೀಳತಾವ. ಜೋರಾಗಿ ತಿರಗೋ ತೆಳ್ಳನ ಸಾಣಿ ಚಕ್ರ ಬೇಕು, ಮಾಸ್ಕ್ ಹಾಕ್ಕೊಂಡ ಕತ್ತರಿಸ್ರಿ. ಪಾಯಿಂಟಿಗೆ ಹಾಟ್ ಮೆಲ್ಟ್ (ಕಾಸಿ ಕರಗಿಸೋ) ಅಂಟು ಹಚ್ಚೋದಾದ್ರ ಬೆಂಕಿ ಪಾಯಿಂಟಿಗಷ್ಟ ತೋರಸ್ರಿ, ಶಾಫ್ಟಿಗೆ ಬ್ಯಾಡ. ಏಪ್ರಿಲ್ ಬಿಸಲಾಗ ಕಾರಿನ್ಯಾಗ ಬಾಣ ಬಿಟ್ರ ಆ ಅಂಟು ಮೆತ್ತಗಾಗಿ, ಬಾಣ ಕೀಳುವಾಗ ಪಾಯಿಂಟ್ ಟಾರ್ಗೆಟ್ಟಿನ್ಯಾಗ ಉಳಿತೈತಿ.

50 ಮೀಟರಿಗೆ ತೆಳ್ಳನ ಕಾರ್ಬನ್ ಚಲೋ. ಕಪ್ಪತಗುಡ್ಡದ ಗಾಳಿಯಂತ್ರ ತಿರಗೋ ದಿನ ಈ ಕಡೆ ಹೊಡದವರಿಗೆ ಗೊತ್ತು, ದಪ್ಪ ಬಾಣಾನ ಗಾಳಿ ಹೆಚ್ಚು ದೂಡತೈತಿ. ತೂಕ ಮುಂದಕ್ಕ ಇರಬೇಕು: ಬಾಣಾನ ಬೆರಳ ಮ್ಯಾಲೆ ತೂಗಿಸಿ ನಾಕಿನಿಂದ ಅಳೀರಿ. 28 ಇಂಚಿನ ಬಾಣ 17 ಇಂಚಿಗೆ ನಿಂತ್ರ ನಡುವಿನಕಿಂತ 3 ಇಂಚು ಮುಂದ, ಅಂದ್ರ 10.7 ಪರ್ಸೆಂಟ್. ಅಷ್ಟ ಸಾಕು.

ಟಾರ್ಗೆಟ್ ತಪ್ಪಿ ಎರಿ ಹೊಲಕ್ಕ ಹೋದ ಬಾಣಾನ ಒರಿಸಿ ಹಂಗ ಹಚ್ಚಬ್ಯಾಡ್ರಿ. ನಾಕಿನ ಸಂದ್ಯಾಗ ಎರಿ ಮಣ್ಣು ಒಣಗಿ ಕೂತಿದ್ರ ಸ್ಟ್ರಿಂಗ್ ತಳತನಕ ಹೋಗೂದಿಲ್ಲ. ನಾಕ್ ‘ಟಕ್’ ಅಂತ ಕೂಡಬೇಕು, ಸ್ಟ್ರಿಂಗಿಗೆ ಬೆರಳಿಂದ ಸಣ್ಣಗೆ ತಟ್ಟಿದ್ರ ಬಿಚ್ಚಬೇಕು. ಕೂಡಲಿಲ್ಲಂದ್ರ ಆ ನಾಕ್ ತಗದು ಹೊಸಾದು ಹಾಕ್ರಿ.