ಶಾಂತಿ ಒಪ್ಪಂದದ ಬಳಿಕ ಉತ್ತರ ಐರ್ಲೆಂಡಿನಲ್ಲಿ ಮಾದಕವಸ್ತು ಬಳಕೆ ಹೆಚ್ಚಿದ್ದೇಕೆ?

ಪ್ರಶ್ನೆ (ಸಮಾಜಶಾಸ್ತ್ರ ವಿದ್ಯಾರ್ಥಿ):
ಬ್ರಿಟನ್ನಿನ ಜೊತೆಗೇ ಉಳಿಯಬೇಕೆನ್ನುವವರು ಮತ್ತು ಐರ್ಲೆಂಡಿಗೆ ಸೇರಬೇಕೆನ್ನುವವರ ನಡುವಿನ ಜಗಳದಿಂದ ಉತ್ತರ ಐರ್ಲೆಂಡಿನಲ್ಲಿ ನಡೆದ ಮೂರು ದಶಕಗಳ ಹಿಂಸಾಚಾರ 1998ರ ಒಪ್ಪಂದದೊಂದಿಗೆ ಬಹುಮಟ್ಟಿಗೆ ಕೊನೆಗೊಂಡಿತು. ಆದರೆ ಇಪ್ಪತ್ತು ಲಕ್ಷಕ್ಕೂ ಕಡಿಮೆ ಜನರಿರುವ ಆ ನಾಡಿನಲ್ಲಿ ಮಾದಕವಸ್ತು ಸಂಬಂಧಿತ ಸಾವುಗಳು 2020ರಲ್ಲಿ 218ಕ್ಕೆ ಮುಟ್ಟಿದವು. ಸೇನಾ ತಪಾಸಣೆ ನಿಂತು ಸಾಗಾಟ ಸುಲಭವಾದದ್ದೇ ಇದಕ್ಕೆ ಕಾರಣವೆಂದರೆ ಸಾಕೇ?

ಉತ್ತರ (ಇತಿಹಾಸಾಸಕ್ತ):
ಅರ್ಧ ಮಾತ್ರ ಸರಿ. ಬೀದಿಬೀದಿಯಲ್ಲಿ ಸೈನಿಕರಿದ್ದಾಗ ದಂಧೆ ಬೆಳೆಯುವುದು ಕಷ್ಟವಿತ್ತು; ಸಶಸ್ತ್ರ ಗುಂಪುಗಳು ಘೋಷಿಸಿದ 1994ರ ಕದನವಿರಾಮದ ಹೊತ್ತಿಗೆ ನೃತ್ಯಕೂಟಗಳಲ್ಲಿ ಎಕ್ಸ್‌ಟಸಿ ಎಂಬ ಅಮಲಿನ ಗುಳಿಗೆಗಳು ಹರಡತೊಡಗಿದ್ದವು, ಮುಂದೆ ಬಾಲಿಮೀನಾದಂತಹ ಊರುಗಳಿಗೆ ಹೆರಾಯಿನ್ ಬಂತು. ಆದರೆ ಈಚಿನ ಅನೇಕ ಸಾವುಗಳಲ್ಲಿ ಕಾಣುವ, ಆತಂಕ ತಗ್ಗಿಸುವ ಡಯಾಜೆಪಾಮ್, ನರನೋವಿಗೆ ಕೊಡುವ ಪ್ರಿಗಾಬಲಿನ್‌ಗಳು ಮೂಲತಃ ವೈದ್ಯರ ಚೀಟಿಯ ಔಷಧಗಳು. ಬಾಂಬು, ಗುಂಡಿನ ಸದ್ದಿಗೆ ನಿದ್ದೆಗೆಟ್ಟ ಒಂದು ಪೀಳಿಗೆಗೆ ಡಯಾಜೆಪಾಮ್‌ನಂತಹ ನೆಮ್ಮದಿಯ ಮಾತ್ರೆಗಳನ್ನು ಧಾರಾಳವಾಗಿ ಬರೆದುಕೊಟ್ಟದ್ದರಿಂದ ಅವು ಮನೆಯ ಕಪಾಟಿನಲ್ಲಿ ಮೊದಲೇ ಇದ್ದವು. ಇನ್ನು ಪ್ರಿಗಾಬಲಿನ್ ನಿಯಂತ್ರಿತ ಔಷಧಗಳ ಪಟ್ಟಿಗೆ ಸೇರಿದ್ದು 2019ರಲ್ಲಷ್ಟೆ.

ಉತ್ತರ (ಓದುಗ):
ಮೇಲಿನ ಉತ್ತರದಲ್ಲಿ ಬಂದೂಕಿನ ಮಾತು ಬಿಟ್ಟುಹೋಗಿದೆ. 1995ರಲ್ಲಿ ‘ಡೈರೆಕ್ಟ್ ಆಕ್ಷನ್ ಅಗೇನ್ಸ್ಟ್ ಡ್ರಗ್ಸ್’ (ಮಾದಕವಸ್ತುಗಳ ವಿರುದ್ಧ ನೇರ ಕ್ರಮ) ಎಂಬ ಹೆಸರಿನಲ್ಲಿ ಮಾರಾಟಗಾರರೆನ್ನಲಾದವರನ್ನು ಕೊಲ್ಲಲಾಯಿತು. ಅದು ಐರ್ಲೆಂಡಿನ ಏಕೀಕರಣಕ್ಕಾಗಿ ಹೋರಾಡುತ್ತಿದ್ದ ಸಶಸ್ತ್ರ ಸಂಘಟನೆ ಐಆರ್‌ಎಯ ಮುಖವಾಡವೆಂದೇ ವ್ಯಾಪಕವಾಗಿ ನಂಬಲಾಗಿತ್ತು. ಬ್ರಿಟನ್‌ನಿಷ್ಠ ಸಶಸ್ತ್ರ ಗುಂಪುಗಳ ಕೆಲವರಂತೂ ತಾವೇ ಮಾರುತ್ತ, ಮಾರಿದ ಹುಡುಗರನ್ನು ತಾವೇ ಶಿಕ್ಷಿಸುತ್ತ ಬಂದಿದ್ದಾರೆ. ಗುಂಪು ಗೊತ್ತುಮಾಡಿದ ಹೊತ್ತಿಗೆ, ಗೊತ್ತುಮಾಡಿದ ಓಣಿಗೆ ಹೆತ್ತವರೇ ಮಗನನ್ನು ಕರೆದೊಯ್ದು ಕಾಲಿಗೆ ಗುಂಡು ಹೊಡೆಸಿಕೊಂಡು ಬಂದ ಪ್ರಕರಣಗಳಿವೆ, ಮತ್ತು ಹೊರಡುವ ಮುನ್ನ ಅವನಿಗೆ ನೋವುನಿವಾರಕ ಮಾತ್ರೆ ನುಂಗಿಸಿದವರೂ ಇದ್ದಾರೆ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ಅಂಥ ಹೆತ್ತವರು ಪೊಲೀಸರ ಬಳಿಗೆ ಏಕೆ ಹೋಗುವುದಿಲ್ಲ?

ಉತ್ತರ (ಓದುಗ):
2001ರಲ್ಲಿ ಪೊಲೀಸ್ ಪಡೆಯನ್ನೇ ಹೊಸದಾಗಿ ಕಟ್ಟಿದರೂ, ಸುಳಿವು ಕೊಟ್ಟವನನ್ನು ದ್ರೋಹಿಯೆಂದು ಕಾಣುವ ಹಳೆಯ ರೂಢಿ ಕೆಲವು ಬಡಾವಣೆಗಳಲ್ಲಿ ಅಳಿದಿಲ್ಲ. ದೂರು ಕೊಟ್ಟ ಕುಟುಂಬ ಊರು ಬಿಡಬೇಕಾಗಬಹುದು. ಇದರ ಜೊತೆಗೆ ಸಾಲವಿದೆ: ಮೊದಲು ಉದ್ದರಿಯಲ್ಲಿ ಮಾತ್ರೆ ಕೊಟ್ಟು, ತೀರಿಸಲಾಗದ ಹುಡುಗನಿಂದ ಮಾರಾಟ ಮಾಡಿಸುತ್ತಾರೆ. ಹಾಗಾದ ಮೇಲೆ ಅವನು ಠಾಣೆಗೆ ಹೋಗುವುದೆಂದರೆ ಆರೋಪಿಯಾಗಿಯೇ.