"ನಿಮಗೆ ತಕ್ಕಂತೆ ವಿಧಾನ ಬದಲಿಸುತ್ತೇನೆ" ಅನ್ನುವ ಆನ್‌ಲೈನ್ ಥೆರಪಿಸ್ಟ್, ನಂಬಬಹುದಾ?

ಬಂಗಾರಪೇಟೆ ಪಾಸ್‌ಹೋಲ್ಡರ್:

ಎಲ್ಲರಿಗೂ ನಮಸ್ಕಾರ. ಬಂಗಾರಪೇಟೆಯಿಂದ ವೈಟ್‌ಫೀಲ್ಡ್‌ಗೆ ದಿನಾ ರೈಲಲ್ಲಿ ಹೋಗಿ ಬರುವವನು ನಾನು. ಕೆಲವು ತಿಂಗಳಿಂದ ಮಾಲೂರು ಬಿಟ್ಟ ಕೂಡಲೇ ಎದೆ ಡವಡವ ಅನ್ನುತ್ತದೆ, ಅಂಗೈ ಬೆವರುತ್ತದೆ, ಉಸಿರು ಸಾಲದು, ಇಲ್ಲೇ ಪ್ರಾಣ ಹೋಗುತ್ತದೆ ಅನ್ನಿಸುತ್ತದೆ. ಇಸಿಜಿ, ಎಕೋ ಎರಡೂ ನಾರ್ಮಲ್. ಡಾಕ್ಟರು ಇದು ಪ್ಯಾನಿಕ್, ಕೌನ್ಸೆಲಿಂಗ್ ತಗೊಳ್ಳಿ ಅಂದರು. ಈಗ ರೈಲು ಬಿಟ್ಟು ಬೈಕಲ್ಲಿ ಹೋಗುತ್ತಿದ್ದೇನೆ, ಪೆಟ್ರೋಲಿಗೇ ಸಂಬಳ ಕರಗುತ್ತಿದೆ.

ಆನ್‌ಲೈನಲ್ಲಿ ಒಬ್ಬರು ಮೇಡಂ ಸಿಕ್ಕಿದ್ದಾರೆ. ಕನ್ನಡ, ತೆಲುಗು ಎರಡೂ ಬರುತ್ತದೆ. ನಮ್ಮ ಮನೆ ಮಾತು ತೆಲುಗು, ಭಯ ಬಂದಾಗ ಬಾಯಿಗೆ ಬರೋದೂ ಅದೇ, ಹಾಗಾಗಿ ಅಷ್ಟರ ಮಟ್ಟಿಗೆ ಖುಷಿ. ಆದರೆ ಪ್ರೊಫೈಲಲ್ಲಿ "ಒಂದೇ ವಿಧಾನಕ್ಕೆ ಅಂಟಿಕೊಳ್ಳುವುದಿಲ್ಲ, ಒಬ್ಬೊಬ್ಬರಿಗೂ ತಕ್ಕಂತೆ ರೂಪಿಸುತ್ತೇನೆ" ಅಂತ ಇದೆ, ಜೊತೆಗೆ ಸಿಬಿಟಿ, ಮೈಂಡ್‌ಫುಲ್‌ನೆಸ್, ಇನ್ನೂ ಏನೇನೋ ಹೆಸರು. ಸೆಷನ್‌ಗೆ 1,200 ರೂಪಾಯಿ. ಇದರಲ್ಲಿ ಹುರುಳಿದೆಯಾ, ಸುಮ್ನೆ ಬಣ್ಣದ ಮಾತಾ? ಇನ್ನೊಂದು ತಲೆನೋವು: ಮನೆಯಲ್ಲಿ ಎರಡೇ ರೂಮು, ಅಪ್ಪ, ಅಮ್ಮ, ತಂಗಿ ಎಲ್ಲರೂ ಇರುತ್ತಾರೆ. ಎಲ್ಲಿ ಕೂತು ಮಾತಾಡಲಿ?

ಕ್ಯಾತ್ಸಂದ್ರ ಕೌನ್ಸೆಲರ್:

ನಾನು ತುಮಕೂರಲ್ಲಿ ಇದೇ ಕೆಲಸ ಮಾಡುತ್ತೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ತಕ್ಕಂತೆ ಬದಲಿಸುವುದು ನಿಜವಾದ ವಿಷಯವೇ. ಆದರೆ ಏನು ಬದಲಾಗುತ್ತದೆ, ಏನು ಬದಲಾಗಬಾರದು ಅನ್ನೋದು ಮುಖ್ಯ. ಪ್ಯಾನಿಕ್‌ನಲ್ಲಿ ನಡೆಯುವುದು ಹೀಗೆ: ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ, ನೀವು ಅದನ್ನು ಹಾರ್ಟ್ ಅಟ್ಯಾಕ್ ಅಂದುಕೊಳ್ಳುತ್ತೀರಿ, ಆ ಹೆದರಿಕೆಗೆ ಇನ್ನೂ ಜೋರಾಗಿ ಬಡಿಯುತ್ತದೆ. ರೈಲು ಬಿಟ್ಟು ಬೈಕ್ ಹತ್ತಿದಿರಿ ನೋಡಿ, ಅವತ್ತಿಗೆ ಹಾಯಾಯಿತು, ಆದರೆ "ಬೈಕಲ್ಲಿ ಬಂದೆ, ಬದುಕಿದೆ" ಅಂತ ಮನಸ್ಸು ಕಲಿತುಬಿಟ್ಟಿತು. ಹಾಗಾಗಿ ಚಿಕಿತ್ಸೆಯಲ್ಲಿ ಎಲ್ಲೋ ಒಂದು ಕಡೆ ನೀವು ಆ ರೈಲನ್ನು, ಆ ಎದೆಬಡಿತವನ್ನು ಎದುರಿಸಲೇಬೇಕು. ಎಕ್ಸ್‌ಪೋಷರ್ ಅನ್ನುತ್ತಾರೆ. ಪ್ಯಾನಿಕ್‌ಗೆ ಚೆನ್ನಾಗಿ ಪರೀಕ್ಷೆಯಾದ ವಿಧಾನ ಸಿಬಿಟಿ, ಅಂದರೆ ಯೋಚನೆ, ನಡವಳಿಕೆ ಎರಡನ್ನೂ ಬದಲಿಸಲು ಕಲಿಸುವ ಚಿಕಿತ್ಸೆ. ಎಕ್ಸ್‌ಪೋಷರ್ ಅದರದೇ ಭಾಗ. ಬರೀ ಉಸಿರಾಟ, ಧ್ಯಾನ ಹೇಳಿಕೊಟ್ಟು ತಿಂಗಳುಗಟ್ಟಲೆ ಎಳೆದರೆ ಅದು ನಿಮಗೆ ತಕ್ಕಂತೆ ರೂಪಿಸಿದ್ದಲ್ಲ, ಅವರಿಗೆ ಸುಲಭವಾದದ್ದು.

ಬದಲಾಗುವುದು ಉಳಿದದ್ದೆಲ್ಲ. ಒಬ್ಬರಿಗೆ ಮೊದಲು ಬಂಗಾರಪೇಟೆ ಪ್ಲಾಟ್‌ಫಾರ್ಮಲ್ಲಿ ನಿಂತು ಬರೋದೇ ಹೋಮ್‌ವರ್ಕ್, ಆಮೇಲೆ ಟೇಕಲ್‌ವರೆಗೆ, ಆಮೇಲೆ ಮಾಲೂರು, ದೇವನಗೊಂದಿ. ಇನ್ನೊಬ್ಬರು ಮೊದಲ ದಿನವೇ ವೈಟ್‌ಫೀಲ್ಡ್ ಟಿಕೆಟ್ ತಗೊಳ್ಳುತ್ತೇನೆ ಅನ್ನುತ್ತಾರೆ, ಅದೂ ಸರಿ. ಕೆಲವರಿಗೆ ರೈಲಿಗಿಂತ ಎದೆಬಡಿತವೇ ಭಯ. ಅವರನ್ನು ಮೆಟ್ಟಿಲು ಹತ್ತಿ ಇಳಿಸಿ, ಕುರ್ಚಿಯಲ್ಲಿ ಗಿರಗಿರ ತಿರುಗಿಸಿ, ಬೇಕಂತಲೇ ಆ ಅನುಭವ ತರಿಸುತ್ತಾರೆ. ವಿಡಿಯೋ ಕಾಲಲ್ಲಿ ಇದನ್ನೆಲ್ಲ ಆರಾಮಾಗಿ ಮಾಡಬಹುದು. ಪ್ಲಾಟ್‌ಫಾರ್ಮಿಗೆ ಹೋದಾಗ ಥೆರಪಿಸ್ಟ್ ಇಯರ್‌ಫೋನಲ್ಲಿ ಜೊತೆಗಿರಬಹುದು, ನನ್ನ ರೂಮಿಗೆ ಬಂದು ಕೂತರೆ ಅದಾಗದು. ಆದರೆ ಒಂದು ಹಂತದ ಮೇಲೆ ಅದನ್ನೂ ಬಿಡಿಸಬೇಕು. ಇಲ್ಲದಿದ್ದರೆ ನಾಳೆ ಇಯರ್‌ಫೋನ್ ಇಲ್ಲದೆ ರೈಲು ಹತ್ತಲ್ಲ ಅಂತೀರಿ.

ಅವರನ್ನು ನೇರವಾಗಿ ಕೇಳಿ: ನನ್ನ ತೊಂದರೆಗೆ ಏನು ಮಾಡುತ್ತೀರಿ, ಯಾಕೆ ಅದೇ, ಕೆಲಸ ಮಾಡುತ್ತಿಲ್ಲ ಅಂತ ನಮಗೆ ಹೇಗೆ ಗೊತ್ತಾಗುತ್ತದೆ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಚಿಂತಾಮಣಿ ರಾಯರು:

ಮೇಲಿನವರು ಚೆನ್ನಾಗಿ ಹೇಳಿದ್ದಾರೆ, ಆದರೂ ನನಗೆ ಈ "ಎಲ್ಲ ವಿಧಾನವೂ ಗೊತ್ತು" ಅನ್ನುವವರ ಮೇಲೆ ಅನುಮಾನ. ಮೊದಲು ಏನು ಓದಿದ್ದಾರೆ ಅಂತ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹಾಕಿಕೊಂಡಿದ್ದರೆ ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ ನೋಂದಣಿ ನಂಬರ್ ಇರಬೇಕು. ಬರೀ ಕೌನ್ಸೆಲರ್ ಅಂತ ಬೋರ್ಡ್ ಹಾಕಿದವರಲ್ಲಿ ಎಂಎಸ್ಸಿ ಓದಿದವರೂ ಇದ್ದಾರೆ, ವೀಕೆಂಡ್ ಕೋರ್ಸ್ ಮುಗಿಸಿ ಬಂದವರೂ ಇದ್ದಾರೆ.

ದುಡ್ಡು ಕೊಡುವ ಮೊದಲು 14416ಕ್ಕೆ ಒಂದು ಫೋನ್ ಮಾಡಿ ನೋಡಿ. ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರಲ್ಲಿ ಶುರು ಮಾಡಿದ್ದು. ನಿಮ್ಹಾನ್ಸ್ ಮುಂದೆ ನಿಂತು ನಡೆಸುತ್ತದೆ. ಹಗಲು ರಾತ್ರಿ ಇರುತ್ತದೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಥೈರಾಯ್ಡ್ ಟೆಸ್ಟ್ ಮಾಡಿಸಿದ್ದೀರಾ? ಅದು ಜಾಸ್ತಿಯಾದರೂ ಎದೆ ಹೀಗೇ ಓಡುತ್ತದೆ. ಕಾಫಿ ದಿನಕ್ಕೆ ಎಷ್ಟು ಅಂತಲೂ ಸ್ವಲ್ಪ ಲೆಕ್ಕ ಹಾಕಿ.

ಕ್ಯಾತ್ಸಂದ್ರ ಕೌನ್ಸೆಲರ್:

ರಾಯರೇ, ಥೈರಾಯ್ಡ್ ಮಾತು ನಾನೇ ಮೊದಲು ಹೇಳಬೇಕಿತ್ತು, ಖಂಡಿತ ಮಾಡಿಸಲಿ. ಟೆಲಿ ಮಾನಸ್ ಕೂಡ ಒಳ್ಳೆಯದು, ಆದರೆ ಅದು ಸಹಾಯವಾಣಿ. ಒಬ್ಬರ ಜೊತೆಗೇ ವಾರ ವಾರ ಕೂತು ರೈಲು ಹತ್ತುವ ಪ್ಲಾನ್ ಮಾಡುವ ಕೆಲಸವೇ ಬೇರೆ. ನೋಂದಣಿ ನಂಬರ್ ಇದ್ದ ಮಾತ್ರಕ್ಕೆ ಪ್ಯಾನಿಕ್ ಚಿಕಿತ್ಸೆಯಲ್ಲಿ ಕೈ ಪಳಗಿದೆ ಅಂತಲೂ ಅಲ್ಲ. ಎರಡನ್ನೂ ಕೇಳಲಿ.

ಶ್ರೀನಿವಾಸಪುರದ ಸೊಸೆ:

ಜಾಗದ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಅತ್ತೆ ಮಾವ ಇರುವ ಮನೆಯಲ್ಲಿ ನಾನು ಇದನ್ನು ಮಾಡಿದ್ದೇನೆ. ಮಗು ಆದಮೇಲೆ ನಿದ್ದೆಯೂ ಇಲ್ಲ, ಯಾವುದರಲ್ಲೂ ಆಸಕ್ತಿಯೂ ಇಲ್ಲ ಅನ್ನೋ ಹಾಗಿದ್ದೆ. ಮಾವಿನ ತೋಪಿನ ಕಡೆ ವಾಕಿಂಗ್ ಅಂತ ಹೇಳಿ ಹೋಗಿ ಅಲ್ಲೇ ಕೂತು ಮಾತಾಡುತ್ತಿದ್ದೆ. ನೆಟ್‌ವರ್ಕ್ ಕೈಕೊಟ್ಟರೆ ವಿಡಿಯೋ ಆಫ್ ಮಾಡಿ ಬರೀ ವಾಯ್ಸ್. ಮನೆಯಲ್ಲೇ ಕೂತ ದಿನ ಯಾರಾದರೂ ಒಳಗೆ ಬಂದರೆ ನಾನು "ಹಾಲಿನ ಡೈರಿ ಲೆಕ್ಕ ಆಮೇಲೆ ನೋಡೋಣ" ಅಂತಿದ್ದೆ, ಥೆರಪಿಸ್ಟ್ ತಕ್ಷಣ ಮಾತು ಬದಲಿಸುತ್ತಿದ್ದರು. ಮೊದಲೇ ಮಾತಾಡಿಕೊಂಡಿದ್ದು. ಹೇಳಲು ಕಷ್ಟವಾದದ್ದನ್ನು ಚಾಟಲ್ಲಿ ಟೈಪ್ ಮಾಡುತ್ತಿದ್ದೆ.

ತಕ್ಕಂತೆ ಬದಲಿಸೋದು ಅಂದರೆ ನನಗೆ ಕಂಡದ್ದು ಇಷ್ಟು. ದಿನಾ ಡೈರಿ ಬರಿ ಅಂದರು, ಮಗು ಕಂಕುಳಲ್ಲಿ ಇಟ್ಟುಕೊಂಡು ಎಲ್ಲಿ ಬರೆಯೋದು? ವಾಯ್ಸ್ ನೋಟ್ ಕಳಿಸಿ ಅಂದರು, ಅದು ನಡೆಯಿತು. ಅದಕ್ಕೂ ಮುಂಚೆ ಒಂದು ಆಪಲ್ಲಿ ಬೇರೆಯವರ ಹತ್ತಿರ ಹೋಗಿದ್ದೆ. ಅವರದ್ದು ಈ ವಾರ ಒಂದು, ಮುಂದಿನ ವಾರ ಇನ್ನೊಂದು, ಹಿಂದಿನ ವಾರ ಕೊಟ್ಟದ್ದು ಏನಾಯಿತು ಅಂತ ಒಂದು ದಿನವೂ ಕೇಳಲಿಲ್ಲ. ವ್ಯತ್ಯಾಸ ಅಲ್ಲೇ ಇರೋದು. ಕೇಳಿ ಬದಲಿಸುತ್ತಾರಾ, ಕೇಳದೇ ಬದಲಿಸುತ್ತಾರಾ ನೋಡಿ.

ಬಂಗಾರಪೇಟೆ ಪಾಸ್‌ಹೋಲ್ಡರ್:

ಎಲ್ಲರಿಗೂ ಥ್ಯಾಂಕ್ಸ್. ಮೇಡಂಗೆ ಮೆಸೇಜ್ ಹಾಕಿ ಆ ಪ್ರಶ್ನೆಗಳನ್ನೇ ಕೇಳಿದೆ. ಮೊದಲ ಸೆಷನ್ ಪೂರ್ತಿ ನಿಮ್ಮನ್ನು ಕೇಳೋದೇ ಆಗುತ್ತದೆ, ಆಮೇಲೆ ಪ್ಲಾನ್, ಎಕ್ಸ್‌ಪೋಷರ್ ಅಂತೂ ಇದ್ದೇ ಇರುತ್ತದೆ, ವೇಗ ಇಬ್ಬರೂ ಸೇರಿ ನಿರ್ಧರಿಸೋಣ ಅಂದರು. ಎಂಫಿಲ್ ಮಾಡಿದ್ದಾರಂತೆ, ಆರ್‌ಸಿಐ ನಂಬರೂ ಕೊಟ್ಟರು. ನಾನು ಎಲ್ಲಿ ಕೂತು ಮಾತಾಡುತ್ತೇನೆ ಅನ್ನೋ ವಿಳಾಸ, ಹತ್ತಿರದವರ ಒಂದು ಫೋನ್ ನಂಬರ್ ಕೇಳಿದರು, ಅದು ಯಾಕೋ ಗೊತ್ತಾಗಲಿಲ್ಲ. ಜಾಗಕ್ಕೆ ಮಾಳಿಗೆ ಮೇಲೆ ಸಿಂಟೆಕ್ಸ್ ಪಕ್ಕ ಗೊತ್ತು ಮಾಡಿದ್ದೇನೆ. ಕಾಫಿ ಲೆಕ್ಕ ಕೇಳಬೇಡಿ ರಾಯರೇ.

ಒಂದು ಡೌಟು. ಡಾಕ್ಟರು ತುಂಬಾ ಆದಾಗ ತಗೊಳ್ಳಿ ಅಂತ ಅಲ್‌ಪ್ರಜೋಲಮ್ ಅನ್ನೋ ಆತಂಕ ತಗ್ಗಿಸುವ ಮಾತ್ರೆ ಕೊಟ್ಟಿದ್ದಾರೆ, ಯಾವಾಗಲೂ ಜೇಬಲ್ಲಿರುತ್ತದೆ. ಥೆರಪಿ ಶುರುವಾದಮೇಲೆ ಬಿಟ್ಟುಬಿಡಲಾ?

ಕ್ಯಾತ್ಸಂದ್ರ ಕೌನ್ಸೆಲರ್:

ನೀವೇ ಬಿಡಬೇಡಿ. ದಿನಾ ತಗೊಳ್ಳುವ ಅಭ್ಯಾಸ ಆಗಿದ್ದರೆ ಒಮ್ಮೆಲೇ ನಿಲ್ಲಿಸುವುದು ಅಪಾಯ. ಡಾಕ್ಟರೇ ನಿಧಾನವಾಗಿ ಇಳಿಸಬೇಕು. ಮಾತ್ರೆ ವಿಷಯ ಮೇಡಂಗೂ ಮೊದಲ ದಿನವೇ ಹೇಳಿ. ರೈಲು ಹತ್ತುವ ಮುಂಚೆ ಅದನ್ನು ನುಂಗಿದರೆ, ಮಾತ್ರೆಯಿಂದ ಬಚಾವಾದೆ ಅಂತ ಮನಸ್ಸು ಕಲಿಯುತ್ತದೆ, ಜೇಬಲ್ಲಿಟ್ಟುಕೊಂಡರೂ ಸ್ವಲ್ಪ ಹಾಗೇ. ಅದನ್ನು ಯಾವಾಗ ಮನೆಯಲ್ಲಿ ಬಿಟ್ಟು ಹೊರಡೋದು ಅನ್ನೋದೂ ಪ್ಲಾನಲ್ಲಿ ಬರುತ್ತದೆ, ಅದಕ್ಕೆ ಡಾಕ್ಟರು, ಮೇಡಂ ಇಬ್ಬರ ಒಪ್ಪಿಗೆ ಬೇಕು. ವಿಳಾಸ, ಫೋನ್ ನಂಬರ್ ಕೇಳಿದ್ದು ಸೆಷನ್ ಮಧ್ಯೆ ಏನಾದರೂ ಹೆಚ್ಚುಕಮ್ಮಿಯಾದರೆ ಯಾರನ್ನಾದರೂ ಕಳಿಸೋಕೆ. ಕೊಡಿ. ಮನೆಯವರ ನಂಬರ್ ಬೇಡ ಅನ್ನಿಸಿದರೆ ಸ್ನೇಹಿತರದ್ದೂ ನಡೆಯುತ್ತದೆ, ಆ ಸ್ನೇಹಿತರಿಗೆ ಮಾತ್ರ ಮೊದಲೇ ಹೇಳಿರಿ.