ದಸರಾ ರಜೆ, ಕ್ರಿಸ್‌ಮಸ್ ರಜೆ: ಸಣ್ಣ ಮಕ್ಕಳಿರೋರು ಹೇಗೆ ನಿಭಾಯಿಸ್ತೀರಿ?

ಕೇಳಿದವರು: ಬೆಂಗಳೂರು, ಇಬ್ಬರು ಮಕ್ಕಳ ಅಮ್ಮ

ದೊಡ್ಡವಳಿಗೆ ಐದು, ಚಿಕ್ಕವನಿಗೆ ಇನ್ನೂ ಎರಡು ತುಂಬಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋಗೋರು. ದಸರಾಕ್ಕೆ ಎರಡು ವಾರಕ್ಕೂ ಹೆಚ್ಚು ರಜೆ, ಅದು ಮುಗೀತು ಅನ್ನೋಷ್ಟರಲ್ಲಿ ದೀಪಾವಳಿ, ಆಮೇಲೆ ಡಿಸೆಂಬರ್ ಕೊನೆಗೆ ಮತ್ತೆ ರಜೆ. ಇಬ್ಬರ ರಜೆ ಕೂಡಿಸಿದರೂ ಸಾಲೋದಿಲ್ಲ. ಅತ್ತೆ ಮೈಸೂರಲ್ಲಿದ್ದಾರೆ, ನಮ್ಮಮ್ಮ ಧಾರವಾಡದ ಹತ್ತಿರದ ಹಳ್ಳಿಯಲ್ಲಿ. ಮಕ್ಕಳನ್ನ ಅಜ್ಜಿಯರ ಹತ್ತಿರ ಬಿಟ್ಟು ಬರೋದಾ? ಕ್ಯಾಂಪಿಗೆ ಹಾಕೋದಾ? ಇಷ್ಟು ಚಿಕ್ಕವರಿಗೆ ಮೈಸೂರು ದಸರಾ ತೋರಿಸಬಹುದಾ? ಪಟಾಕಿಗೆ ಏನು ಮಾಡ್ತೀರಿ? ಅನುಭವ ಇರೋರು ಬಿಡಿಸಿ ಹೇಳಿ.

ಮೈಸೂರು, ಸರಸ್ವತಿಪುರಂ

ದಸರಾ ತೋರಿಸಿ, ಆದರೆ ಜಂಬೂಸವಾರಿ ದಿನ ಬೇಡ. ಈ ಊರಲ್ಲೇ ಹುಟ್ಟಿ ಬೆಳೆದೋಳು ಹೇಳ್ತಿದೀನಿ. ವಿಜಯದಶಮಿಯ ದಿನ ಮೆರವಣಿಗೆ ಮಧ್ಯಾಹ್ನ ಹೊರಡುತ್ತೆ, ಜನ ಬೆಳಿಗ್ಗೆಯಿಂದ ಜಾಗ ಹಿಡಿದು ಕೂತಿರ್ತಾರೆ. ಎರಡು ವರ್ಷದ ಮಗುವಿಗೆ ಬಿಸಿಲು, ಬಾಯಾರಿಕೆ, ಉಚ್ಚೆ. ಮೂರಕ್ಕೂ ಅಲ್ಲಿ ದಾರಿ ಇಲ್ಲ. ಅಂಬಾರಿ ಕಣ್ಮುಂದೆ ಹಾದು ಹೋಗೋ ಹೊತ್ತಿಗೆ ಮಗು ನಿದ್ದೆ ಮಾಡಿರುತ್ತೆ.

ಅದಕ್ಕಿಂತ ಆನೆಗಳ ತಾಲೀಮು ತೋರಿಸಿ. ದಸರಾಕ್ಕೆ ವಾರಗಳ ಮುಂಚೆಯೇ ಆನೆಗಳು ಅರಮನೆ ಆವರಣಕ್ಕೆ ಬಂದಿರ್ತವೆ. ಬೆಳಿಗ್ಗೆ, ಸಂಜೆ ಅರಮನೆಯಿಂದ ಬನ್ನಿಮಂಟಪದವರೆಗೆ, ಅಂದರೆ ಸುಮಾರು 5 ಕಿಲೋಮೀಟರ್, ನಡೆಸ್ತಾರೆ. ಮೊದಲು ಬೆನ್ನ ಮೇಲೆ ಮರಳು ಮೂಟೆ ಹೇರ್ತಾರೆ, ಆಮೇಲೆ ಮರದ ಅಂಬಾರಿ ಕಟ್ತಾರೆ. ಚಿನ್ನದ ಅಂಬಾರಿ 750 ಕಿಲೋ, ಅದಕ್ಕೇ ಈ ಅಭ್ಯಾಸ. ಬೆಳಗಿನ ಹೊತ್ತು ರಸ್ತೆ ಬದಿಯಲ್ಲಿ ಆರಾಮಾಗಿ ನಿಂತು ನೋಡಬಹುದು. ನಮ್ಮನೆ ಹುಡುಗರಿಗೆ 2020ರಿಂದ ಹಲವು ವರ್ಷ ಅಂಬಾರಿ ಹೊತ್ತ ಅಭಿಮನ್ಯುವಿನ ಮೇಲೆ ಎಷ್ಟು ಪ್ರೀತಿಯೋ, ಆನೆ ಲದ್ದಿಯ ಮೇಲೂ ಅಷ್ಟೇ ಆಸಕ್ತಿ. ಒಂದು ಎಚ್ಚರಿಕೆ: ಕುಶಾಲತೋಪಿನ ತಾಲೀಮು ಇರೋ ದಿನ ಆ ಕಡೆ ಹೋಗಬೇಡಿ. ಆನೆಗಳೇ ಬೆದರುತ್ತವೆ, ಮಗು ಬಿಡುತ್ತಾ?

ಅರಮನೆಯ ದೀಪ ದಸರಾ ದಿನಗಳಲ್ಲಿ ಪ್ರತಿ ಸಂಜೆ ಇರುತ್ತೆ. ಗೇಟಿನ ಒಳಗೇ ಹೋಗಬೇಕು ಅಂತಿಲ್ಲ, ದೂರದಿಂದಲೂ ಚೆಂದ. ದೀಪ ಹತ್ತೋ ಗಳಿಗೆಯನ್ನ ಮಾತ್ರ ತಪ್ಪಿಸಬೇಡಿ. ಮೃಗಾಲಯಕ್ಕೆ ಸಾಮಾನ್ಯವಾಗಿ ಮಂಗಳವಾರ ರಜೆ, ವಿಚಾರಿಸಿಕೊಂಡು ಹೋಗಿ. ಹೋದರೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ, ಹನ್ನೊಂದರ ಮೇಲೆ ಅಲ್ಲಿ ಕಾಣೋದು ಬರೀ ಜನರ ಬೆನ್ನು.

ಇದೆಲ್ಲಕ್ಕಿಂತ ನಿಮ್ಮತ್ತೆ ಮನೇಲಿ ಗೊಂಬೆ ಕೂರಿಸ್ತಾರಾ ಕೇಳಿ. ಕೂರಿಸೋದಾದರೆ ದೊಡ್ಡವಳಿಗೆ ಅದೇ ದಸರಾ. ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಿಗೆ, ಕೆಳಗಿನ ಒಂದು ಮೆಟ್ಟಿಲು ಪೂರ್ತಿ ಅವಳಿಗೆ ಬಿಟ್ಟುಬಿಡಿ. ಚನ್ನಪಟ್ಟಣದ ಗೊಂಬೆ, ಪ್ಲಾಸ್ಟಿಕ್ ಡೈನೋಸಾರ್, ಏನಾದ್ರೂ ಇಟ್ಟುಕೊಳ್ಳಲಿ. ಸಂಜೆ ಅಕ್ಕಪಕ್ಕದ ಮನೆಗಳಿಗೆ "ಗೊಂಬೆ ಕೂರಿಸಿದೀರಾ?" ಅಂತ ಹೋಗಿ ಬೊಂಬೆ ಬಾಗಿನ ತಿಂದು ಬರೋ ಸುಖ ನಮ್ಮ ಬೀದೀಲಿ ಇನ್ನೂ ಸತ್ತಿಲ್ಲ.

ಮಂಡ್ಯ

ಜಂಬೂಸವಾರಿ ದಿನ ಬೇಡ ಅನ್ನೋದನ್ನ ನಾನು ಒಪ್ಪಲ್ಲ. ನಾವು ಮಗಳನ್ನ ಹೆಗಲ ಮೇಲೆ ಕೂರಿಸಿಕೊಂಡೇ ನೋಡಿದ್ದು, ಅವಳಿಗೆ ಇವತ್ತಿಗೂ ನೆನಪಿದೆ. ಆದರೆ ಅವಳಿಗಾಗ ಆರು ವರ್ಷ, ಜೊತೆಗೆ ನಾವು ಮೂರು ಜನ ಗಂಡಸರಿದ್ವಿ. ಎರಡು ವರ್ಷದ ಮಗು ಕಟ್ಟಿಕೊಂಡು ಆಗಲ್ಲ, ಅಷ್ಟು ನಿಜ.

ಧಾರವಾಡ ತಾಲೂಕು, ರೈತ, ಮೂರು ಮಕ್ಕಳ ಅಪ್ಪ

ಅಕ್ಕಾರ, ನಿಮ್ಮ ತವರುಮನಿ ಹಳ್ಳ್ಯಾಗೈತಿ ಅಂದ್ರ ಕ್ಯಾಂಪಿನ ಮಾತ ಯಾಕ್ರಿ? ದಸರಾ ಮುಗದು ಐದ ದಿನಕ್ಕ ಸೀಗಿ ಹುಣ್ಣಿವಿ. ಹೊಲಾ ಬಸರ ಆಗೇತಿ ಅಂತ ಭೂಮಿತಾಯಿಗೆ ಉಡಿ ತುಂಬತೀವಿ, ಹೊಲದ ತುಂಬ ಚರಗ ಚೆಲ್ಲತೀವಿ, ಅಂದ್ರ ಹಬ್ಬದ ಅಡಗಿ ಎರಚತೀವಿ. ಐದು ವರ್ಷದ ಹುಡುಗಿಗೆ ಸಣ್ಣ ಬುಟ್ಟಿ ಕೈಯಾಗ ಕೊಡ್ರಿ, ಹಿಂದಿಂದ ಕೂಗಿಕೋತ ಬರತಾಳ. ಸೀಗಿ ಹುಣ್ಣಿವಿ ರಜೆದಾಗ ಬರತೈತೋ ಇಲ್ಲೋ ಮೊದಲ ಕ್ಯಾಲೆಂಡರ್ ನೋಡ್ಕೋರಿ. ಬರಲಿಲ್ಲ ಅಂದ್ರ ಒಂದೆರಡು ದಿನ ಸಾಲಿ ತಪ್ಪಿದ್ರ ಆಕಾಶ ಏನ್ ಹರದ ಬೀಳಂಗಿಲ್ಲ.

ಇನ್ನ ಚಳಿಗಾಲದಾಗ ಎಳ್ಳ ಅಮಾಸಿ, ಡಿಸೆಂಬರದಾಗ, ಇಲ್ಲಂದ್ರ ಜನವರಿ ಮೊದಲಿಗೆ. ಅವತ್ತ ಬಿಳಿಜೋಳ ಎದಿಮಟ ನಿಂತಿರತೈತಿ. ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗಿ ಬುತ್ತಿ ಕಟಗೊಂಡು ಎಲ್ಲಾರೂ ಹೊಲಕ್ಕ. ಮನ್ಯಾಗ ಒಂದ ತುತ್ತ ಉಣ್ಣಾಕ ಹಟಾ ಮಾಡೋ ಹುಡುಗರು ಹೊಲದಾಗ ಕೇಳಿ ಕೇಳಿ ಉಣ್ಣತಾವು. ಸಣ್ಣಾವನ್ನ ಮಾತ್ರ ಬಾವಿ, ಕೃಷಿಹೊಂಡದ ಕಡೆ ಒಂದ ಕ್ಷಣನೂ ಕಣ್ಣ ಬಿಟ್ಟ ಬಿಡಬ್ಯಾಡ್ರಿ. ಹೊಲದಾಗ ಎಲ್ಲಾರೂ ಅದಾರ ಅಂದ್ರ ಯಾರೂ ನೋಡಾಕತ್ತಿಲ್ಲ ಅಂತನ ತಿಳಕೋರಿ. ಇಂಥಾವರ ಅಂತ ಒಬ್ಬರ ಹೆಸರ ಹೇಳಿ ಒಪ್ಪಿಸ್ರಿ.

ರೈಲಿನ ಟಿಕೆಟ್ 60 ದಿನ ಮೊದಲ ತಗೀತೈತಿ. ಹಬ್ಬದ ಗಾಡಿ ಅವತ್ತ ಮುಂಜಾನೆನ ತುಂಬತಾವು.

ಒಬ್ಬ ಅಜ್ಜಿ, ಶಿವಮೊಗ್ಗ

ಎಲ್ಲರೂ ಅಜ್ಜಿ ಮನೆ ಅಜ್ಜಿ ಮನೆ ಅಂತಿದೀರಿ. ಅಜ್ಜಿಯನ್ನ ಯಾರಾದ್ರೂ ಕೇಳಿದ್ರಾ?

ನನಗೆ ಅರವತ್ತೇಳು. ಎರಡೂ ಮೊಣಕಾಲು ನೋವು, ಬಿ.ಪಿ. ಮಾತ್ರೆ. ಮೊಮ್ಮಕ್ಕಳು ಬಂದರೆ ಮನೆಗೆ ಜೀವ ಬರುತ್ತೆ, ಅದರಲ್ಲಿ ಸುಳ್ಳಿಲ್ಲ. ಆದರೆ ಎರಡು ವರ್ಷದ ಮಗು ಓಡೋ ಹಾಗೆ ನನಗೆ ಓಡಕ್ಕಾಗಲ್ಲ. ಹಬ್ಬದ ಅಡುಗೆ, ಬಂದು ಹೋಗೋರು, ಜೊತೆಗೆ ಮಕ್ಕಳು. ಹೋದವರು ಸಂಜೆ ವೀಡಿಯೋ ಕಾಲ್ ಮಾಡಿ "ಊಟ ಮಾಡಿದ್ನಾ? ಟೀವಿ ಜಾಸ್ತಿ ತೋರಿಸಬೇಡಮ್ಮ" ಅಂತಾರೆ. ಟೀವಿ ತೋರಿಸದೆ ನಾನು ಸ್ನಾನಕ್ಕೆ ಹೋಗೋದು ಯಾವಾಗ?

ನಮ್ಮನೇಲಿ ಈಗ ನಡೀತಿರೋ ಏರ್ಪಾಡು ಹೇಳ್ತೀನಿ. ಮೊದಲ ಎರಡು ಮೂರು ದಿನ ಅಪ್ಪನೋ ಅಮ್ಮನೋ ಒಬ್ಬರು ಜೊತೆಗಿರಬೇಕು. ಮಕ್ಕಳು ಜಾಗಕ್ಕೆ ಹೊಂದಿಕೊಳ್ತಾರೆ, ರಾತ್ರಿ ಎದ್ದು ಅಳೋದು ಕಮ್ಮಿಯಾಗುತ್ತೆ. ಆಮೇಲೆ ಬೇಕಾದರೆ ದೊಡ್ಡದನ್ನ ಬಿಟ್ಟು ಹೋಗಲಿ, ಚಿಕ್ಕದನ್ನ ಕರ್ಕೊಂಡು ಹೋಗಲಿ. ಎರಡನ್ನೂ ಒಟ್ಟಿಗೆ ಬಿಡೋದಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದೀನಿ. ಒಂದೇ ಮಗು ಇದ್ದರೆ ನನ್ನ ಜೊತೆ ಕೂತು ಹೂ ಕಟ್ಟುತ್ತೆ, ಅವರೆಕಾಳು ಹಿಸುಕುತ್ತೆ, ಚೌಕಾಬಾರ ಆಡುತ್ತೆ. ಎರಡಿದ್ದರೆ ನಾನು ಪಂಚಾಯ್ತಿ ಮಾಡೋದರಲ್ಲೇ ಹೊತ್ತು ಮುಳುಗುತ್ತೆ.

ಮನೆಗೆಲಸಕ್ಕೆ ಬರೋಳಿಗೆ ಆ ದಿನಗಳಲ್ಲಿ ಜಾಸ್ತಿ ದುಡ್ಡು ಮಗಳೇ ಕೊಡ್ತಾಳೆ, ನಾನು ಬೇಡ ಅನ್ನಲ್ಲ. ಡೈಪರ್, ಔಷಧಿ, ಮಕ್ಕಳ ಡಾಕ್ಟರ ಫೋನ್ ನಂಬರ್ ಚೀಲದಲ್ಲೇ ಬರಬೇಕು. ಮತ್ತೆ, ಟೀವಿ ಬಗ್ಗೆ ನನಗೆ ಪಾಠ ಇಲ್ಲ. ನಿಮ್ಮ ಅತ್ತೆ, ಅಮ್ಮ ಇಬ್ಬರೂ ಇದನ್ನ ಬಾಯಿಬಿಟ್ಟು ಹೇಳ್ತಾರೋ ಇಲ್ಲವೋ, ನೀವೇ ಕೇಳಿ. "ಆಗುತ್ತಾ?" ಅಂತ ಕೇಳಬೇಡಿ, ಆಗುತ್ತೆ ಅಂದುಬಿಡ್ತೀವಿ. "ಎಷ್ಟು ದಿನ ಆಗುತ್ತೆ?" ಅಂತ ಕೇಳಿ.

ಹುಬ್ಬಳ್ಳಿ, ಮಗಳು

ಅಜ್ಜಿ ಬರದಿದ್ದನ್ನ ನಮ್ಮವ್ವಗ ಓದಿ ಹೇಳಿದೆ. ನಕ್ಕಳು, ಆಮ್ಯಾಲ ಬಾಳ ಹೊತ್ತ ಸುಮ್ಮನಾದಳು.

ಮಕ್ಕಳ ವಾರ್ಡಿನಲ್ಲಿ ನರ್ಸ್

ಪಟಾಕಿ ಅಂದರೆ ಎಲ್ಲರೂ ಆಟಂ ಬಾಂಬಿಗೆ ಹೆದರ್ತಾರೆ, ಪುಟ್ಟ ಮಕ್ಕಳ ಕೈಗೆ ಸುರ್‌ಸುರ್‌ಬತ್ತಿ ಕೊಡ್ತಾರೆ. ಅದರ ತುದಿ 1000 ಡಿಗ್ರಿ ಸೆಲ್ಸಿಯಸ್ ದಾಟುತ್ತೆ. ಆರಿದ ಮೇಲೂ ತಂತಿ ಸುಡ್ತಿರುತ್ತೆ, ಅದನ್ನ ತುಳಿದು ಅಂಗಾಲು ಸುಟ್ಟುಕೊಂಡು ಬರೋ ಮಕ್ಕಳಿದಾರೆ. ಪಕ್ಕದಲ್ಲಿ ಬಕೆಟ್ ನೀರು ಇಟ್ಟುಕೊಳ್ಳಿ, ಸುಟ್ಟ ಕಡ್ಡಿ ನೇರ ಅದರೊಳಗೆ. ಐದು ವರ್ಷದವಳು ನಿಮ್ಮ ಕೈ ಹಿಡಿದುಕೊಂಡು ನೋಡಲಿ, ಚಿಕ್ಕವನು ಕಿಟಕಿ ಒಳಗಿಂದ ನೋಡಲಿ. ನೈಲಾನ್ ಲಂಗ, ಉದ್ದ ದಾವಣಿ ಬೇಡ, ಹತ್ತಿ ಬಟ್ಟೆ ಇರಲಿ. ಸುಟ್ಟರೆ ಹರಿಯೋ ತಣ್ಣೀರಿನ ಕೆಳಗೆ 20 ನಿಮಿಷ. ಐಸ್, ಟೂತ್‌ಪೇಸ್ಟ್, ಶಾಯಿ, ಅರಿಶಿನ ಯಾವುದೂ ಬೇಡ. ಕಣ್ಣಿಗೆ ಕಿಡಿ ಹಾರಿದರೆ ಉಜ್ಜಬೇಡಿ, ನೇರ ಆಸ್ಪತ್ರೆಗೆ. ಬೆಂಗಳೂರಲ್ಲಿ ಮಿಂಟೊ ಕಣ್ಣಾಸ್ಪತ್ರೆ ದೀಪಾವಳಿ ದಿನಗಳಲ್ಲಿ ರಾತ್ರಿಯೂ ನೋಡುತ್ತೆ.

ಪಟಾಕಿಯಷ್ಟು ಸದ್ದು ಮಾಡದ ಅಪಾಯಗಳನ್ನೂ ಹೇಳಿಬಿಡ್ತೀನಿ. ಹಬ್ಬದ ಬೆಳಗಿನ ಎಣ್ಣೆಸ್ನಾನ: ಬಚ್ಚಲಲ್ಲಿ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸಿ. ಕುದಿಯೋ ನೀರಿನ ಬಕೆಟ್ಟಿಗೆ ಮಗು ಹಿಮ್ಮುಖವಾಗಿ ಕೂತುಬಿಡುತ್ತೆ. ಚಳಿಗಾಲದ ಶೀತಕ್ಕೆ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚೋದು ನಮ್ಮ ಎಷ್ಟೋ ಮನೆಗಳ ರೂಢಿ. ಎರಡು ವರ್ಷದ ಒಳಗಿನವರಿಗೆ ಅದು ಬೇಡ. ದೇವರ ಮನೆಯ ಕರ್ಪೂರ ಕಲ್ಲುಸಕ್ಕರೆ ಥರಾನೇ ಕಾಣುತ್ತೆ, ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರಬಹುದು. ಮೇಲೆತ್ತಿಡಿ.

ಮೂರನೆಯದು ಕಡಲೆಕಾಯಿ. ಕಾರ್ತಿಕದ ಪರಿಷೆಯಿಂದ ಸಂಕ್ರಾಂತಿಯ ಎಳ್ಳುಬೆಲ್ಲದವರೆಗೆ ಮನೆ ತುಂಬ ಕಡಲೆಬೀಜ, ಕೊಬ್ಬರಿ ಚೂರು, ಕಲ್ಲುಸಕ್ಕರೆ. ನಾಲ್ಕು ವರ್ಷದ ಒಳಗಿನವರಿಗೆ ಇಡೀ ಬೀಜ ಕೊಡಬೇಡಿ, ಪುಡಿ ಮಾಡಿ ಕೊಡಿ. ಸಂಕ್ರಾಂತಿಗೆ ಮಕ್ಕಳಿಗೆ ಕರಿ ಎರೆಯುವಾಗ ತಲೆ ಮೇಲಿಂದ ಬಿದ್ದ ಎಲಚಿ ಹಣ್ಣು, ನಾಣ್ಯ ತಕ್ಷಣ ಆಯ್ದುಬಿಡಿ. ತಿಂತಾ ತಿಂತಾ ಒಮ್ಮೆಲೇ ಕೆಮ್ಮು ಬಂದು ಆಮೇಲೆ ಉಬ್ಬಸ ಉಳಿದುಬಿಟ್ಟರೆ ಶೀತ ಅಂದುಕೊಂಡು ಕೂರಬೇಡಿ. "ಕಡಲೆಬೀಜ ತಿಂತಿದ್ದ" ಅನ್ನೋ ಮಾತನ್ನ ಡಾಕ್ಟರ ಹತ್ತಿರ ತಪ್ಪದೆ ಹೇಳಿ.

ಬೆಳಗಾವಿ

ಪಟಾಕಿಯಿಂದ ಗಮನ ಬೇರೆ ಕಡೆ ತಿರುಗಿಸೋಕೆ ನಮ್ಮೂರ ಉಪಾಯ: ಕಿಲ್ಲಾ. ದೀಪಾವಳಿಗೆ ಇಲ್ಲಿ ಓಣಿ ಓಣಿಯಲ್ಲಿ ಮಕ್ಕಳು ಮಣ್ಣು, ಕಲ್ಲು, ಗೋಣಿತಾಟು ಹಾಕಿ ಕೋಟೆ ಕಟ್ತಾರೆ. ಇಳಿಜಾರಿಗೆ ಸಾಸಿವೆ ಎರಚಿದರೆ ಕೆಲವೇ ದಿನಕ್ಕೆ ಹಸಿರು. ಮೇಲೆ ಶಿವಾಜಿ, ಕೆಳಗೆ ಸೈನಿಕರು, ಮೂಲೆಯಲ್ಲೊಂದು ಆಟಿಕೆ ಜೆಸಿಬಿ. ಅಪಾರ್ಟ್‌ಮೆಂಟಿನಲ್ಲಾದರೆ ಹಳೇ ಟಬ್ಬಿನಲ್ಲಿ ಮಾಡಿ. ಚಿಕ್ಕವನು ಕೆಡವುತ್ತಾನೆ, ದೊಡ್ಡವಳು ಅಳ್ತಾಳೆ, ಮತ್ತೆ ಕಟ್ತಾರೆ. ರಜೆಯ ಬಹುಪಾಲು ಅಲ್ಲೇ ಕಳೆಯುತ್ತೆ.

ಮಂಗಳೂರು

ನಮ್ಮಲ್ಲಿ ನವರಾತ್ರಿ ಅಂದ್ರೆ ಹುಲಿವೇಷ. ತಾಸೆ ಪೆಟ್ಟು ಕೇಳಿದ ಕೂಡಲೇ ನನ್ನ ಮಗ ಮಂಚದ ಅಡಿಗೆ, ತಂಗಿ ಹೊರಗೆ ಓಡ್ತಾಳೆ. ಹೆದರುವ ಮಗುವನ್ನು ಹತ್ತಿರ ಎಳ್ಕೊಂಡು ಹೋಗಿ ಫೋಟೋ ತೆಗೆಸುದು ಮಾತ್ರ ಬೇಡ ಮಾರಾಯ್ರೆ.

ಬೆಂಗಳೂರು, ವಿಜಯನಗರ, ಅಪ್ಪ

ಲೆಕ್ಕದ ಮಾತು ನಾನು ಹೇಳ್ತೀನಿ. ಗಂಡ ಹೆಂಡತಿ ಒಂದೇ ದಿನ ರಜೆ ಹಾಕೋದು ಹಬ್ಬದ ದಿನ ಮಾತ್ರ. ಉಳಿದ ದಿನ ಸರದಿ. ಜೊತೆಗೆ ನಮ್ಮ ಕಟ್ಟಡದಲ್ಲಿ ನಾಲ್ಕು ಮನೆ ಸೇರಿ ಒಂದು ಒಪ್ಪಂದ ಮಾಡಿಕೊಂಡಿದೀವಿ. ದಿನಕ್ಕೊಂದು ಮನೇಲಿ ಒಬ್ಬ ಅಪ್ಪನೋ ಅಮ್ಮನೋ ರಜೆ ಹಾಕಿ ನಾಲ್ಕೂ ಮನೆಯ ದೊಡ್ಡ ಮಕ್ಕಳನ್ನ ನೋಡ್ಕೊಳ್ಳೋದು. ಮೂರು ವರ್ಷದ ಒಳಗಿನವರು ಈ ಒಪ್ಪಂದಕ್ಕೆ ಇಲ್ಲ, ಸ್ನೇಹ ಉಳೀಬೇಕಲ್ಲ. ನನ್ನ ಸರದಿ ಬಂದಾಗ ಕಬ್ಬನ್ ಪಾರ್ಕಿನ ಬಾಲಭವನ, ಇಲ್ಲವೇ ವಿಶ್ವೇಶ್ವರಯ್ಯ ಮ್ಯೂಸಿಯಂ. ಬಾಗಿಲ ಹತ್ತಿರದ ಡೈನೋಸಾರ್ ನೋಡಿದರೆ ಅರ್ಧ ಟಿಕೆಟ್ ಅಲ್ಲೇ ವಸೂಲಿ.

ರಜೆ ಅರ್ಜಿ ಹಾಕೋ ಮುಂಚೆ ಶಾಲೆಯ ಪಟ್ಟಿ ಕೈಯಲ್ಲಿರಲಿ. ರಾಜ್ಯ ಪಠ್ಯಕ್ರಮದಲ್ಲಿ ಡಿಸೆಂಬರ್ ರಜೆ ಬೇಕು ಅನ್ನೋ ಶಾಲೆಗಳು ಅಷ್ಟು ದಿನವನ್ನ ದಸರಾ ರಜೆಯಲ್ಲಿ ಕಡಿತ ಮಾಡಿಕೊಳ್ಳೋದುಂಟು. ಪಟ್ಟಿಯೂ ದೇವರ ವಾಕ್ಯ ಅಲ್ಲ. 2025ರಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಹೋಗಬೇಕಾಗಿ ಸರ್ಕಾರಿ, ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿತ್ತು. ಒಂದೆರಡು ದಿನ ಕಾಯ್ದಿರಿಸಿಕೊಂಡಿರಿ. ಕ್ಯಾಂಪು? ಅರ್ಧ ದಿನದ್ದು, ಮನೆ ಹತ್ತಿರದ್ದು ಸರಿ. ಬೆಳಿಗ್ಗೆ ಎಂಟಕ್ಕೆ ಎಬ್ಬಿಸಿ ವ್ಯಾನಿಗೆ ಹತ್ತಿಸೋದಾದರೆ ಅದಕ್ಕೆ ರಜೆ ಅಂತ ಯಾಕನ್ನಬೇಕು?

ತೀರ್ಥಹಳ್ಳಿ ಕಡೆಯ ಅಂಗನವಾಡಿ ಕಾರ್ಯಕರ್ತೆ

ಕ್ಯಾಂಪು, ಮ್ಯೂಸಿಯಂ ಎಲ್ಲ ಓದಿ ಒಂದು ಮಾತು. ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾದರೆ ತಾಯಂದಿರು ರಾತ್ರಿವರೆಗೂ ಅಡಿಕೆ ಸುಲಿಯೋಕೆ ಕೂರ್ತಾರೆ, ಮಕ್ಕಳು ಅಲ್ಲೇ ಚಾಪೆ ಮೇಲೆ. ರಜೆಯಲ್ಲಿ ಮಗು ನೋಡ್ಕೊಳ್ಳೋದು ಯಾರು ಅನ್ನೋ ಪ್ರಶ್ನೆ ಅವರಿಗೂ ಇದೆ, ಕೇಳೋ ಜಾಗ ಇಲ್ಲ. ಸುಲಿಯೋ ಕತ್ತಿಯಿಂದ, ಅಡಿಕೆ ಬೇಯಿಸೋ ಒಲೆಯಿಂದ ಮಕ್ಕಳನ್ನ ದೂರ ಇಡೋದೇ ದೊಡ್ಡ ಕೆಲಸ. ಊರಿಗೆ ಬರೋ ನೀವು ಕಥೆಪುಸ್ತಕ ತಂದರೆ ಅಲ್ಲಿರೋ ಮಕ್ಕಳನ್ನೂ ಕೂರಿಸಿಕೊಂಡು ಓದಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೂ ಕರ್ಕೊಂಡು ಹೋಗಿ, ಅಲ್ಲಿ ಮಕ್ಕಳ ಪುಸ್ತಕ ಇರ್ತವೆ.

ಕೇಳಿದವರು

ಅಜ್ಜಿ ಹೇಳಿದ ಹಾಗೆಯೇ ಕೇಳಿದೆ. ಅತ್ತೆ "ಐದು ದಿನ, ದೊಡ್ಡವಳು ಮಾತ್ರ" ಅಂದರು, ಒಂದು ಕ್ಷಣವೂ ಯೋಚಿಸಲಿಲ್ಲ! ಅಮ್ಮ ಮಾತ್ರ ಇನ್ನೂ "ಎಷ್ಟ ದಿನಾನೂ ಆಗ್ತೈತಿ" ಅಂತಿದಾಳೆ. ಅಲ್ಲಿಗೆ ನಾನೂ ಜೊತೆಗೇ ಹೋಗೋದು ಅಂತ ಆಯ್ತು. ಇನ್ನೊಂದು ಕೇಳಬೇಕಿತ್ತು: ಚಿಕ್ಕವನು ಬಸ್ಸಲ್ಲಿ ವಾಂತಿ ಮಾಡ್ತಾನೆ. ಏನು ಮಾಡ್ತೀರಿ?

ಮಂಡ್ಯ

ಚಕ್ರದ ಮೇಲಿನ ಸೀಟು, ಕೊನೆ ಸೀಟು ಬೇಡ, ಮುಂದಿನ ಕಡೆ ಕೂರಿ. ಹೊರಡೋ ಮುಂಚೆ ಹಾಲು ಕುಡಿಸಬೇಡಿ, ಒಂದು ಇಡ್ಲಿ ಸಾಕು. ಮೊಬೈಲ್ ಕೈಗೆ ಕೊಡಬೇಡಿ. ಎರಡು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ, ಒಂದು ಜೊತೆ ನಿಮಗೂ.

ಧಾರವಾಡ ತಾಲೂಕು, ರೈತ

ಬಸ್ಸ್ ಬಿಡ್ರಿ, ರೈಲಿಗೆ ಬರ್ರಿ. ಐದು ವರ್ಷದೊಳಗಿನ ಕೂಸಿಗೆ ಬೇರೆ ಬರ್ತ್ ತಗೊಳ್ಳಲಿಲ್ಲ ಅಂದ್ರ ಟಿಕೆಟ್ಟೂ ಇಲ್ಲ.